ಭೀಮನ ಗದೆಯ ಬಾಡಿಗೆ

ಕಡೂರು ಸೀಮೆಯಲ್ಲಿ ರಾಗಿ ಒಕ್ಕಣೆ ಮುಗಿದು ಹುಲ್ಲಿನ ಮೆದೆ ಏಳುವ ಹೊತ್ತಿಗೆ ಶಾಮಿಯಾನದವರು ಫೋನು ಎತ್ತುವುದನ್ನು ಬಿಡುತ್ತಾರೆ. ಯಾವುದೋ ಮದುವೆ ಮನೆಯವರು ಹಿಡಿದಿರಬೇಕು ಎಂದುಕೊಂಡರೆ ಅದು ಧನುರ್ಮಾಸ. ವಾಲಗದವರೇ ಮನೆಯಲ್ಲಿ ಕೂತು ಬೆಳಗಿನ ಹುಗ್ಗಿ ತಿನ್ನುವ ಕಾಲ. ಹಿಡಿದಿರುವವರು ಶಾಲೆಯವರು. ಕುರ್ಚಿ, ಜನರೇಟರು, ಬಣ್ಣದ ದೀಪ, ಊರಿಗೆಲ್ಲ ಕೇಳುವ ಸ್ಪೀಕರು ಸಂಕ್ರಾಂತಿ ದಾಟುವವರೆಗೆ ಸ್ಕೂಲ್ ಡೇಗಳ ಪಾಲು. ಶಾಲೆಯ ವರ್ಷ ಮುಗಿಯುವುದು ಏಪ್ರಿಲಿನಲ್ಲಿ, ಆದರೆ ಅದರ ಹಬ್ಬ ಮುಗಿಯುವುದು ಜನವರಿಯಲ್ಲೇ. ಆಮೇಲೆ ಉಳಿಯುವುದು ಪರೀಕ್ಷೆ, ಅದಕ್ಕೆ ಶಾಮಿಯಾನ ಬೇಕಾಗಿಲ್ಲ.

ನಮ್ಮ ಕಡೆ ಈಗ ಶಾಲೆಗಳು ನಾನಾ ಬಗೆ. ಸರ್ಕಾರಿ, ಅನುದಾನಿತ, ಕಾನ್ವೆಂಟು, ಇತ್ತೀಚೆಗೆ ಇಂಟರ್‌ನ್ಯಾಷನಲ್. ಕಡೂರಿನಿಂದ ತರೀಕೆರೆವರೆಗೆ ಬಿ.ಎಚ್. ರಸ್ತೆಯಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತರೆ ತೆಂಗಿನ ತೋಟಗಳ ನಡುವೆ ಹಳದಿ ವ್ಯಾನುಗಳ ಸಾಲು ಕಾಣುತ್ತದೆ. ಗೇಟಿನ ಕಮಾನಿನ ಮೇಲೆ ಒಂದು ಭೂಗೋಳ, ಅದರ ಬೆನ್ನಿಗೇ ಕಾಯಿ ಸುಲಿಯುವವರ ರಾಶಿ. ಹೊರನಾಡಿನ ವಿದ್ಯಾರ್ಥಿ ಎಂದರೆ ಜಿಲ್ಲೆಯ ಗಡಿ ದಾಟಿ ಭದ್ರಾವತಿ ಕಡೆಯಿಂದ ಬರುವವನು. ಇದನ್ನು ನಾನು ಹಂಗಿಸಿ ಹೇಳುತ್ತಿಲ್ಲ. ಬೆಳಗ್ಗೆ ಏಳೂವರೆಗೆ ಟೈ ಕಟ್ಟಿಕೊಂಡು, ಕೊಟ್ಟಿಗೆಯ ಪಕ್ಕ ವ್ಯಾನಿಗೆ ಕಾಯುವ ಮಗುವಿಗೆ ಪ್ರಪಂಚ ಆ ಭೂಗೋಳಕ್ಕಿಂತ ದೊಡ್ಡದಾಗಿಯೇ ಕಂಡೀತು. ಆದರೆ ಕಡೂರು, ತರೀಕೆರೆ, ಅಜ್ಜಂಪುರ ಈ ಮೂರೂ ಊರುಗಳ ಸ್ಕೂಲ್ ಡೇಗಳನ್ನು ನೋಡುತ್ತ ಬಂದ ನನಗೆ ಒಂದು ಗುಮಾನಿ ಇದೆ. ಇವು ಶಾಲೆಯ ಹಬ್ಬಗಳೇ ಅಲ್ಲ. ಹಳ್ಳಿ ನಾಟಕವೇ ಯೂನಿಫಾರಂ ಹಾಕಿಕೊಂಡು ಕಳ್ಳದಾರಿಯಲ್ಲಿ ಶಾಲೆಗೆ ಸೇರಿಕೊಂಡಿದೆ.

ಸುಗ್ಗಿಯಾದ ಮೇಲೆ ಕುರುಕ್ಷೇತ್ರ, ರಕ್ತರಾತ್ರಿ, ಶನಿಪ್ರಭಾವ ಆಡುತ್ತಿದ್ದ ಊರುಗಳಿವು. ನಾಟಕದ ಮೇಷ್ಟ್ರು ಹಾರ್ಮೋನಿಯಂ ಸಮೇತ ಬಂದು ಠಿಕಾಣಿ ಹೂಡಿ, ಸರದಿಯ ಮೇಲೆ ಮನೆಮನೆಯಲ್ಲಿ ಉಂಡು, ಅಕ್ಷರ ಬಾರದವರ ಬಾಯಲ್ಲೂ ಕಂದಪದ್ಯ ಹೊರಡಿಸುತ್ತಿದ್ದರು. ಪಾತ್ರ ಹಂಚುತ್ತಿದ್ದುದು ಎಷ್ಟೋ ಸಲ ಕಂಠ ನೋಡಿ ಅಲ್ಲ, ಕೊಡುವ ವಂತಿಗೆ ನೋಡಿ. ದುರ್ಯೋಧನ, ಕೃಷ್ಣ ದುಬಾರಿ. ವಿದುರ ಅಗ್ಗ, ಅವನಿಗೆ ಮಾತು ಮಾತ್ರ ಜಾಸ್ತಿ. ನಾಟಕ ಪೂರ್ತಿ ನಿಂತಿಲ್ಲ, ಆದರೆ ಸೀನರಿ ಮತ್ತು ಡ್ರೆಸ್ಸು ಬಾಡಿಗೆಗೆ ಕೊಡುವವರ ಮನೆಯಲ್ಲಿ ಈಗ ಒಲೆ ಉರಿಸುತ್ತಿರುವುದು ಹೆಚ್ಚಾಗಿ ಶಾಲೆಗಳು. ಬಟ್ಟೆಯ ಮೇಲೆ ಬರೆದ ಅದೇ ದರ್ಬಾರು, ಅದೇ ಕಂಬಸಾಲು. ಅದರ ಮುಂದೆ ಎಲ್‌ಕೆಜಿ ಮಕ್ಕಳು ಕಪ್ಪೆಗಳಾಗಿ ಇಂಗ್ಲಿಷ್ ರೈಮ್ಸಿಗೆ ಕುಪ್ಪಳಿಸುತ್ತಿದ್ದರೆ ಧೃತರಾಷ್ಟ್ರನ ಸಿಂಹಾಸನ ಹಿಂದೆ ಖಾಲಿ ನಿಂತು ನೋಡುತ್ತಿರುತ್ತದೆ.

ವಂತಿಗೆಯೂ ಹಾಗೇ ಉಳಿದಿದೆ, ವಾಟ್ಸಾಪಿನಲ್ಲಿ ಬರುತ್ತದೆ ಅಷ್ಟೆ. ಕಾಸ್ಟ್ಯೂಮಿಗೆ ಇಷ್ಟು, ಮೇಕಪ್ಪಿಗೆ ಇಷ್ಟು, ಫೋಟೊಗೆ ಇಷ್ಟು. ಕಡೂರಿನಲ್ಲಿ ಅದಕ್ಕೆ ಉತ್ತರ ಕೊಡುವುದು ಕೊಬ್ಬರಿ, ತರೀಕೆರೆಯಲ್ಲಿ ಅಡಿಕೆ, ಅಜ್ಜಂಪುರದಲ್ಲಿ ಈರುಳ್ಳಿ. ಅಡಿಕೆಯವರು ಸಲೀಸಾಗಿ ಕಳಿಸಿಬಿಡುತ್ತಾರೆ. ಈರುಳ್ಳಿಯವರು ಯಶವಂತಪುರದ ಧಾರಣೆ ಕೇಳಿ ಒಂದು ನಿಟ್ಟುಸಿರು ಬಿಟ್ಟು ಕಳಿಸುತ್ತಾರೆ. ಈರುಳ್ಳಿ ಬಿದ್ದ ವರ್ಷ ದ್ರೌಪದಿ ಅಮ್ಮನ ಧಾರೆ ಸೀರೆಯಲ್ಲೇ ಸಭೆಗೆ ಬರುತ್ತಾಳೆ, ದುಶ್ಶಾಸನನಿಗೆ ಮಿಸ್ಸು ಮೊದಲೇ ಹೇಳಿರುತ್ತಾರೆ, "ಮೆತ್ತಗೆ ಎಳೀಬೇಕು ಕಣೋ, ಜರಿ ಇದೆ."

ಹೋದ ಸಲ ನಾನು ನೋಡಿದ್ದು ಅಜ್ಜಂಪುರದ ಹೊರಗಿನ ಒಂದು ಸ್ಕೂಲ್ ಡೇ. ಶಿವನಿಯ ನಮ್ಮ ನೆಂಟರ ಹುಡುಗ ಭೀಮ. ತಿಂಗಳ ಮುಂಚೆಯೇ ಸುದ್ದಿ ಕೇಳಿದ ಅವರಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿ, "ಭೀಮಂಗೆ ಇಷ್ಟು ಸಣ್ಣ ಹೊಟ್ಟೆನಾ? ಇವತ್ತಿಂದ ಎರಡು ಮುದ್ದೆ ಉಣ್ಣು" ಎಂದಿದ್ದರು. ಹುಡುಗ ಉಂಡ. ಫಲ ಮಾತ್ರ ಕಾಣಲಿಲ್ಲ. ಕೊನೆಗೆ ಕವಚದೊಳಗೆ ಟವೆಲ್ಲು ಸುತ್ತಬೇಕಾಯಿತು.

ಸ್ಕೂಲ್ ಡೇಯ ನಿಜವಾದ ಕಷ್ಟವೆಂದರೆ ಮುಖ್ಯ ಅತಿಥಿ. ಐದೂವರೆ ಎಂದು ಕಾರ್ಡಿನಲ್ಲಿ ಅಚ್ಚಾಗಿದ್ದರೆ ಏಳಕ್ಕೆ ಬರುತ್ತಾರೆ, ಬಂದವರು ಭಾಷಣ ಮಾಡುತ್ತಾರೆ. ಕಡೂರಿನವರಿಗೆ ಒಂದು ಅನುಕೂಲವಿತ್ತು: ಅಲ್ಲಿ ಶಾಸಕರಾಗಿದ್ದ ವೈ.ಎಸ್.ವಿ. ದತ್ತ ಗಣಿತದ ಮೇಷ್ಟ್ರಾಗಿದ್ದವರು. ಪಿರಿಯಡ್ಡು ಎಷ್ಟು ಹೊತ್ತಿಗೆ ಮುಗಿಯಬೇಕೆಂಬ ಅಂದಾಜು ಮೇಷ್ಟರಿಗಿರುತ್ತದೆ, ಉಳಿದವರಿಗೆ ಅದನ್ನು ಯಾರು ಕಲಿಸಬೇಕು? ಅವತ್ತಿನ ಅತಿಥಿಗಳು ಶಿಕ್ಷಣದ ಮಹತ್ವವನ್ನು ವೇದಕಾಲದಿಂದ ಹಿಡಿದು ಬಿಡಿಸತೊಡಗಿದರು. ಪರದೆಯ ಸಂದಿಯಲ್ಲಿ ಐವರು ಪಾಂಡವರು ಚಳಿಗೆ ನಡುಗುತ್ತ ಇಣುಕುತ್ತಿದ್ದರು. ನಾನು ಕೇಳುವ ಮುಖ ಮಾಡಿಕೊಂಡು ಬೇರೆ ಏನೇನೋ ಯೋಚಿಸಿದೆ.

ಅಲ್ಲೇ ಹತ್ತಿರದ ಅಮೃತ ಮಹಲ್ ತಳಿ ಕೇಂದ್ರದ ದನಗಳನ್ನು ಯೋಚಿಸಿದೆ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯ ಸಂತಾನ; ಟಿಪ್ಪು ಅಮೃತ ಮಹಲ್ ಎಂದು ಹೆಸರಿಟ್ಟು ಫಿರಂಗಿ ಎಳೆಸಿದ ಎತ್ತುಗಳ ಕುಲ. ಓಡುವುದಕ್ಕೂ ದಣಿಯದಿರುವುದಕ್ಕೂ ಹೆಸರಾದವು. ಕ್ರೀಡಾಕೂಟದಲ್ಲಿ ಅವು ಮೇಯುವ ಕಾವಲಿನ ಪಕ್ಕದ ಹಳ್ಳಿ ಹುಡುಗರೇ ಮುಂದೆ ಬರುವುದು ಅವುಗಳನ್ನು ಅಟ್ಟಿಸಿಕೊಂಡು ಓಡಿದ್ದರಿಂದಲೋ, ಅವು ಅಟ್ಟಿಸಿಕೊಂಡು ಬಂದದ್ದರಿಂದಲೋ ತಿಳಿಯದು. ಈ ಊರಿನ ಹೆಸರು ಹೊತ್ತ ಅಜ್ಜಂಪುರ ಸೀತಾರಾಮರನ್ನೂ ನೆನೆದೆ. 'ಆನಂದ' ಎಂಬ ಹೆಸರಿನಲ್ಲಿ 'ನಾನು ಕೊಂದ ಹುಡುಗಿ' ಕತೆ ಬರೆದವರು. ವೇದಿಕೆಯ ಫ್ಲೆಕ್ಸಿನಲ್ಲಿ ಐನ್‌ಸ್ಟೈನ್ ಇದ್ದರು, ಕಲಾಂ ಇದ್ದರು, ಸೀತಾರಾಮರು ಇರಲಿಲ್ಲ. ಇರಬಹುದಿತ್ತು, ಜಾಗ ಇತ್ತು.

ಅಷ್ಟರಲ್ಲಿ ಪ್ರಿನ್ಸಿಪಾಲ್ ಮೇಡಂ ವಾರ್ಷಿಕ ವರದಿ ಓದಲು ಎದ್ದರು. ಪ್ರತಿಭಾ ಕಾರಂಜಿಯಲ್ಲಿ ಕ್ಲಸ್ಟರ್ ಮಟ್ಟ, ತಾಲ್ಲೂಕು ಮಟ್ಟ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ ಆರು ನೂರರ ಮೇಲೆ ಇಷ್ಟು ಜನ. ವರದಿ ಇಂಗ್ಲಿಷಿನಲ್ಲಿತ್ತು. ನನ್ನ ಪಕ್ಕದ ಅಜ್ಜಿ ಪ್ರತಿ ವಾಕ್ಯಕ್ಕೂ ತಲೆದೂಗಿದರು, ಮೊಮ್ಮಗನ ಹೆಸರು ಬಂದರೆ ಅದು ಯಾವ ಭಾಷೆಯಲ್ಲೂ ಗೊತ್ತಾಗುತ್ತದೆ ಎಂಬ ಧೈರ್ಯದಿಂದ. ಆಮೇಲೆ ಬಹುಮಾನ. ಅಕ್ಷರ ಚೆನ್ನಾಗಿರುವುದಕ್ಕೆ, ಡಬ್ಬಿ ಖಾಲಿ ಮಾಡುವುದಕ್ಕೆ, ಅಳದೆ ಶಾಲೆಗೆ ಬಂದದ್ದಕ್ಕೆ, ಅತ್ತರೂ ಬಂದದ್ದಕ್ಕೆ. ಎಲ್ಲರಿಗೂ ಕೊಟ್ಟರೆ ಬಹುಮಾನಕ್ಕೆ ಬೆಲೆ ಎಲ್ಲಿ ಎಂದು ಗೊಣಗುವವರಿದ್ದಾರೆ. ನನಗೆ ಈ ಧಾರಾಳ ಇಷ್ಟ. ನಮ್ಮ ಕಾಲದಲ್ಲಿ ಮೂರು ಸ್ಟೀಲ್ ಲೋಟ ಇರುತ್ತಿದ್ದವು, ಮೂರನ್ನೂ ಒಬ್ಬನೇ ಒಯ್ಯುತ್ತಿದ್ದ, ಅವರ ಮನೆಯಲ್ಲಿ ಲೋಟಕ್ಕೇನೂ ಬರವಿರಲಿಲ್ಲ.

ನಮ್ಮದು ಏಪ್ರಿಲ್ ಹತ್ತರ ಕಾಲವೂ ಹೌದು. ಅವತ್ತು ಪಾಸಾದವರ ಹೆಸರನ್ನು ಮೇಷ್ಟ್ರು ಗಟ್ಟಿಯಾಗಿ ಓದುತ್ತಿದ್ದರು. ಪೆಪ್ಪರ್‌ಮೆಂಟು ಹಂಚಿಕೆ ನಡೆಯುವಾಗ ಕೆಲವರು ಕಾಣೆಯಾಗಿ ಸಂಜೆ ಹೊಲದಲ್ಲಿ ಸಿಗುತ್ತಿದ್ದರು. ಈಗ ಹತ್ತನೇ ಕ್ಲಾಸಿಗೇ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಎಂದಾಗಿ ನಪಾಸಿನ ಮೊನಚು ಮುರಿದಿದೆ. ಒಳ್ಳೆಯದೇ ಆಯಿತು. ಆದರೆ ಬೇರೆ ಗಾಂಭೀರ್ಯಗಳು ಹೆಚ್ಚಿವೆ. ಮಾರ್ಚಿನ ಬಿಸಿಲಲ್ಲಿ ಯುಕೆಜಿಯವರಿಗೆ ಘಟಿಕೋತ್ಸವ ಮಾಡುತ್ತಾರೆ. ಕರಿ ನಿಲುವಂಗಿ, ಚೌಕದ ಟೋಪಿ, ಕೈಯಲ್ಲಿ ರಿಬ್ಬನ್ನು ಕಟ್ಟಿದ ಸುರುಳಿ. ಇನ್ನೂ ಬೂಟಿನ ಲೇಸು ಕಟ್ಟಲು ಬಾರದ ಪದವೀಧರರು.

ಸರ್ಕಾರಿ ಹೈಸ್ಕೂಲುಗಳ ಬೀಳ್ಕೊಡುಗೆ ಇದಕ್ಕಿಂತ ಸರಳ. ಸರಸ್ವತಿಯ ಫೋಟೊ ಮುಂದೆ ಹಾಲ್ ಟಿಕೆಟು ಇಟ್ಟು ಪೂಜೆ, ಚಿತ್ರಾನ್ನ, ಕೇಸರಿಬಾತು, ಅಳು. ಹೋಗುವ ಮಕ್ಕಳು ದುಡ್ಡು ಕೂಡಿಸಿ ಶಾಲೆಗೆ ಏನಾದರೂ ಕೊಡಬೇಕಲ್ಲ, ಗೋಡೆ ಗಡಿಯಾರ ಕೊಡುತ್ತಾರೆ. ನಾನು ಕಂಡ ಒಂದು ಸ್ಟಾಫ್ ರೂಮಿನಲ್ಲಿ ಗಡಿಯಾರಗಳು ಸಾಲಾಗಿದ್ದವು, ಪ್ರತಿಯೊಂದರ ಕೆಳಗೂ ಒಂದೊಂದು ವರ್ಷದ ತಂಡದ ಹೆಸರು, ಪ್ರತಿಯೊಂದರಲ್ಲೂ ಬೇರೆ ಬೇರೆ ಸಮಯ. ಊಟದ ಬೆಲ್ಲು ಹೊಡೆಯುವ ಅಟೆಂಡರು ಮಾತ್ರ ಕಿಟಕಿಯಾಚೆ ನೆರಳು ನೋಡುತ್ತಿದ್ದ.

ಬಹುಮಾನ ಮುಗಿದು ಅಜ್ಜಂಪುರದ ಆ ವೇದಿಕೆಯಲ್ಲಿ ನೃತ್ಯಗಳು ಶುರುವಾದವು. ಕಡೂರಿನಲ್ಲಾಗಲಿ ಅಜ್ಜಂಪುರದಲ್ಲಾಗಲಿ ಮದಗದ ಕೆರೆಯ ಹಾಡಿಲ್ಲದೆ ಸ್ಕೂಲ್ ಡೇ ಆಗುವುದಿಲ್ಲ. ಕೆರೆ ಕಡೂರು ತಾಲ್ಲೂಕಿನದೇ. ಹಿರೇಕೆರೂರು ಕಡೆಯ ಮದಗ ಮಾಸೂರಿನವರೂ ಹಾಡು ತಮ್ಮದೆನ್ನುತ್ತಾರೆ, ಇಬ್ಬರೂ ಬಿಟ್ಟುಕೊಡುವವರಲ್ಲ. ಮಳೆನೆರಳಿನ ಸೀಮೆಯ ಮಕ್ಕಳು ಪ್ಲಾಸ್ಟಿಕ್ ಬಿಂದಿಗೆ ಹಿಡಿದು, ಥರ್ಮೋಕೋಲಿನ ಮೋಡದ ಕೆಳಗೆ, ಕೆರೆ ಕೋಡಿ ಬಿದ್ದ ಸಂಭ್ರಮದಲ್ಲಿ ಕುಣಿಯುವುದನ್ನು ನೋಡಿ ಬೋರ್‌ವೆಲ್ ಕೊರೆಸಿ ಸೋತ ಅಪ್ಪಂದಿರು ಎದ್ದು ನಿಂತು ವಿಡಿಯೊ ಮಾಡಿಕೊಂಡರು.

ಕೊನೆಗೆ ಮಹಾಭಾರತ. ತರೀಕೆರೆ ಹತ್ತಿರದ ಅಮೃತಾಪುರದಲ್ಲಿ ಅಮೃತೇಶ್ವರನ ಗುಡಿಯಿದೆ, ಇಮ್ಮಡಿ ವೀರಬಲ್ಲಾಳನ ದಂಡನಾಯಕ 1196ರಲ್ಲಿ ಕಟ್ಟಿಸಿದ್ದು. ಶಾಸನ ಬರೆದವನು ಕವಿ ಜನ್ನ. ಅದರ ಹೊರಗೋಡೆಯ ಮೇಲೆ ಮಹಾಭಾರತಕ್ಕೆ 45 ಫಲಕಗಳು, ರಾಮಾಯಣಕ್ಕೆ 70, ಕೃಷ್ಣನ ಕತೆಗೆ 25. ಶಿಲ್ಪಿ ಮಲ್ಲಿತಮ್ಮ ಉಳಿ ಹಿಡಿದು ಹೆಸರಾದದ್ದು ಮೊದಲು ಇಲ್ಲೇ ಎನ್ನುತ್ತಾರೆ. ಅವನ ಪಾಲಿನ ಪ್ರತಿಭಾ ಕಾರಂಜಿ ಎನ್ನೋಣ. ಶಾಲೆಗಳು ಡಿಸೆಂಬರಿನಲ್ಲಿ ಮಕ್ಕಳನ್ನು ಮೈಸೂರಿಗೆ, ವಂಡರ್‌ಲಾಗೆ ಕರೆದೊಯ್ಯುವಾಗ ಬಸ್ಸನ್ನು ಇತ್ತ ಒಮ್ಮೆ ತಿರುಗಿಸಬಹುದು. ಹದಿನೆಂಟು ಪರ್ವವನ್ನು ನಲವತ್ತೈದು ಕಲ್ಲಿಗೆ ಇಳಿಸಿದ ಜಾಣ್ಮೆ, ಅದನ್ನೇ ಹನ್ನೆರಡು ನಿಮಿಷಕ್ಕೆ ಇಳಿಸಬೇಕಾದ ಮಿಸ್ಸುಗಳಿಗಾದರೂ ಉಪಯೋಗಕ್ಕೆ ಬಂದೀತು.

ಹನ್ನೆರಡು ನಿಮಿಷದ್ದು ಟ್ರ್ಯಾಕು. ಮಾತು, ಹಾಡು, ಗುಡುಗು ಎಲ್ಲ ಪೆನ್‌ಡ್ರೈವಿನಲ್ಲಿ. ಮಕ್ಕಳು ಬಾಯಿ ಆಡಿಸಿದರೆ ಸಾಕು. ಜೂಜು ಆಯಿತು, ಸೀರೆಯೂ ಜರಿ ಹರಿಯದೆ ಆಯಿತು, ಗದಾಯುದ್ಧಕ್ಕೆ ದುರ್ಯೋಧನ ಎದೆಯುಬ್ಬಿಸಿ ಬಾಯಿ ತೆರೆದ, ಟ್ರ್ಯಾಕು ನಿಂತಿತು. ಸೌಂಡಿನವನು ಪೆನ್‌ಡ್ರೈವು ಕಿತ್ತು ಊದಿದ. ದುರ್ಯೋಧನ ತೆರೆದ ಬಾಯಿ ಮುಚ್ಚಲಿಲ್ಲ. ಆಗ ಗಂಡಸರ ಕಡೆಯ ಕುರ್ಚಿಗಳಿಂದ ಯಾರೋ ಹಿರಿಯರು ಎದ್ದರು. ಹೆಗಲ ಟವೆಲ್ಲು ಸೊಂಟಕ್ಕೆ ಬಿಗಿದು, ಮೈಕಿಲ್ಲದೆ, ಹಾರ್ಮೋನಿಯಂ ಇಲ್ಲದೆ ದುರ್ಯೋಧನನ ಪದ್ಯ ಎತ್ತಿದರು. ಎಷ್ಟು ವರ್ಷದಿಂದ ಒಳಗಿಟ್ಟುಕೊಂಡಿದ್ದರೋ, ಕಾಂಪೌಂಡಿನಾಚೆ ನಿಂತಿದ್ದ ಚುರುಮುರಿ ಗಾಡಿಯವನೂ ಕೈ ನಿಲ್ಲಿಸಿದ. ವೇದಿಕೆಯ ಹುಡುಗ ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ಆ ದನಿಗೇ ತುಟಿ ಕೂಡಿಸಿದ. ಪದ್ಯದ ನಡುವೆ ಟ್ರ್ಯಾಕು ಮರಳಿ ಬಂತು, ಹಿರಿಯರು ನಿಲ್ಲಿಸಲಿಲ್ಲ. ಸೌಂಡಿನವನೇ ಆಫ್ ಮಾಡಿದ. "ಒನ್ಸ್‌ಮೋರ್!" ಎಂದು ಹಿಂದಿನಿಂದ ಕೂಗು ಬಂತು, ಆ ಕೂಗೂ ಹಳೆಯ ಕಾಲದ್ದೇ. ಹೀಗಾಗಿ ಅವತ್ತು ದುರ್ಯೋಧನ ಸಾಯುವುದು ತುಂಬ ತಡವಾಯಿತು. ಭೀಮ ಗದೆ ಎತ್ತಿ ಹಿಡಿದು ಹಿಡಿದು ಕೊನೆಗೆ ನೆಲಕ್ಕೂರಿ ಅದರ ಮೇಲೆ ಒರಗಿಕೊಂಡ.

ಹನ್ನೊಂದರ ಹೊತ್ತಿಗೆ ವ್ಯಾನಿನ ಡ್ರೈವರ್ ಕೂಗತೊಡಗಿದ, "ಶಿವನಿ, ಬುಕ್ಕಾಂಬುಧಿಯವರು ಬರ್ರಪ್ಪಾ!" ಡ್ರೆಸ್ಸಿನವನು ಪಟ್ಟಿ ಹಿಡಿದು ಸಾಮಾನು ಎಣಿಸುತ್ತಿದ್ದ. ಕಿರೀಟಗಳೆಲ್ಲ ಬಂದವು, ಒಂದು ಗದೆ ಬರಲಿಲ್ಲ. ಹುಡುಕಿದರೆ ಭೀಮ ಅಜ್ಜಿಯ ತೊಡೆಯ ಮೇಲೆ ಅದನ್ನು ತಬ್ಬಿ ನಿದ್ದೆ ಹೋಗಿದ್ದಾನೆ.

"ಗದೆ ಕೊಡ್ರಿ ಅಜ್ಜಿ."

"ಮಗು ಮಲಗೈತಪ್ಪ. ನಾಳೆ ಕೊಟ್ಟು ಕಳಿಸ್ತೀನಿ."

"ನಾಳೆ ತರೀಕೆರೇಲಿ ರಾಮಾಯಣ ಐತೆ. ಹನುಮಂತ ಬರಿಗೈಲಿ ಹೋಗ್ತಾನಾ?"

ಅಜ್ಜಿ ಒಂದೊಂದೇ ಬೆರಳು ಬಿಡಿಸಿ ಗದೆ ತೆಗೆದರು, ಕೊಡಲಿಲ್ಲ. "ಟ್ರ್ಯಾಕು ಅರ್ಧಕ್ಕೇ ನಿಂತಿತ್ತಲ್ಲ, ಅರ್ಧ ಬಾಡಿಗೆ ವಾಪಸ್ ಕೊಡು."

"ಟ್ರ್ಯಾಕು ನಂದಲ್ಲ ಅಜ್ಜಿ, ಸೌಂಡಿನವ್ರದು."

"ಹಂಗಾದ್ರೆ ಅವ್ರನ್ನ ಕರಿ" ಎಂದು ಅಜ್ಜಿ ಗದೆಯನ್ನು ಹೆಗಲಿಗೇರಿಸಿದರು.