ಹತ್ತೇ ನಿಮಿಷ, ಸಾ

ಕೋಲಾರ ಜಿಲ್ಲೆಯಲ್ಲಿ ಕಂಪ್ಯೂಟರ್ ಕೆಟ್ಟರೆ ಯಾರೂ ಕಂಪನಿಗೆ ಫೋನ್ ಮಾಡುವುದಿಲ್ಲ. ಕಂಪನಿಯ ನಂಬರು ಹಿಂದಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ ಅನ್ನುತ್ತದೆ. ಸಿಸ್ಟಮ್ ಅಣ್ಣ ಹಾಗಲ್ಲ. ಪಕ್ಕದಲ್ಲಿದ್ದವರ ಜತೆ ತೆಲುಗಿನಲ್ಲಿ ಜಗಳ ಆಡುತ್ತಲೇ ಫೋನ್ ಎತ್ತಿ, ನಮಗೆ ಕನ್ನಡದಲ್ಲಿ "ಹತ್ತೇ ನಿಮಿಷ ಸಾ, ಬಂದ್ಬಿಟ್ಟೆ" ಅನ್ನುತ್ತಾನೆ. ಆಗ ಅವನಿರುವುದು ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ, ಫೋನ್ ಮಾಡಿದವರಿರುವುದು ಮಾಲೂರಿನಲ್ಲಿ. ನಡುವೆ ಐವತ್ತು ಕಿಲೋಮೀಟರ್ ಮೇಲಿದೆ, ಕೋಲಾರ ಬಸ್‌ಸ್ಟ್ಯಾಂಡ್ ಇದೆ, ಊಟದ ಹೊತ್ತಿದೆ. ಅವನು ಬರುವುದು ಸಂಜೆಗೆ. ಬಂದಮೇಲೆ ಮಾತ್ರ ಕೆಲಸ ನಿಜಕ್ಕೂ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಅದೇ ಅವನ ಗುಟ್ಟು.

ಅವನ ಹೆಸರು ಯಾರಿಗೂ ನೆಟ್ಟಗೆ ಗೊತ್ತಿಲ್ಲ. ಜನರ ಮೊಬೈಲಿನಲ್ಲಿ "ಸಿಸ್ಟಮ್", "ಕಂಪ್ಯೂಟರ್ ಹುಡುಗ", "ಫಾರ್ಮ್ಯಾಟ್" ಎಂದು ಸೇವ್ ಆಗಿರುತ್ತಾನೆ. ತಲೆಯಲ್ಲಿ ಬಿಳಿಕೂದಲು ಇಣುಕಿದ್ದರೂ ಮಂಡಿ ಸಾಹುಕಾರರಿಗೆ "ಹುಡುಗ", ಡಿಟಿಪಿ ಮಾಡುವ ಹೆಣ್ಣುಮಕ್ಕಳಿಗೆ "ಅಣ್ಣ", ಹೆಡ್‌ಮಾಸ್ಟರಿಗೆ "ಏನಪ್ಪಾ". ಇಂಥವನು ತಾಲ್ಲೂಕಿಗೊಬ್ಬ ಇದ್ದಾನೆ. ಓದಿದ ಎಲ್ಲ ತಾಲ್ಲೂಕಿನವರೂ ಇದು ನಮ್ಮವನದೇ ಕಥೆ ಅಂದರೆ ಅಚ್ಚರಿಯಿಲ್ಲ. ಅವರೆಲ್ಲ ಒಬ್ಬನಿಂದೊಬ್ಬ ಕಾಪಿ.

ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು. ಅದರಲ್ಲಿ ಲ್ಯಾಪ್‌ಟಾಪ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಇರುತ್ತದೆ: ಸ್ಕ್ರೂಡ್ರೈವರ್, ಧೂಳು ಹೊಡೆಯಲು ಪೇಂಟ್ ಬ್ರಷ್ಷು, ರ್‍ಯಾಮ್ ಉಜ್ಜಲು ಮಕ್ಕಳ ಪೆನ್ಸಿಲ್ ರಬ್ಬರು, ನಾಲ್ಕಾರು ಬಟನ್ ಸೆಲ್ಲು. ಸೆಲ್ಲು ಯಾಕೆಂದರೆ, ಎಷ್ಟೋ ಕಚೇರಿಗಳ ಕಂಪ್ಯೂಟರು ತಾನಿನ್ನೂ 2002ರಲ್ಲೇ ಇದ್ದೇನೆ ಅಂದುಕೊಂಡಿರುತ್ತದೆ. ತಾರೀಕು ತಪ್ಪಿದ ಯಂತ್ರದಲ್ಲಿ ಒಂದು ವೆಬ್‌ಸೈಟೂ ತೆರೆಯುವುದಿಲ್ಲ. ಅಣ್ಣ ಸೆಲ್ಲು ಬದಲಾಯಿಸಿ "ಬೋರ್ಡಲ್ಲಿ ಪ್ರಾಬ್ಲಂ ಇತ್ತು ಸಾ" ಅನ್ನುತ್ತಾನೆ. ಸೆಲ್ಲೂ ಬೋರ್ಡಿನಲ್ಲೇ ಇರುವುದರಿಂದ ಇದನ್ನು ಸುಳ್ಳು ಎನ್ನಲು ಬರುವುದಿಲ್ಲ.

ಬ್ಯಾಗಿನ ಒಳಜೇಬಿನಲ್ಲಿ, ಕರ್ಚೀಫಿನಲ್ಲಿ ಸುತ್ತಿ ಇಟ್ಟಿರುವುದು ಅವನ ಆಸ್ತಿ. ಒಂದು ಹಾರ್ಡ್ ಡಿಸ್ಕ್. ಅದನ್ನವನು "ಮದರ್" ಅನ್ನುತ್ತಾನೆ.

ಹೊಸ ಕಂಪ್ಯೂಟರಿಗೆ ಮೊದಲಿನಿಂದ ಎಲ್ಲ ಹಾಕಬೇಕೆಂದರೆ ಒಂದು ದಿನ ಬೇಕು. ವಿಂಡೋಸ್ ಆಗಬೇಕು, ಡ್ರೈವರ್‌ಗಳಾಗಬೇಕು, ಆಫೀಸು, ಟ್ಯಾಲಿ, ಹೆಬ್ಬೆಟ್ಟು ಒತ್ತುವ ಯಂತ್ರದ ಸಾಫ್ಟ್‌ವೇರು, ಕನ್ನಡ ಗಣಕ ಪರಿಷತ್ತಿನ ನುಡಿ. ನುಡಿ ಬಿಟ್ಟುಹೋದರೆ ಹಳೆಯ ಕಡತಗಳನ್ನು ತೆರೆದಾಗ ಕನ್ನಡದ ಜಾಗದಲ್ಲಿ ತಲೆಮೇಲೆ ಟೋಪಿ, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳು ಸಾಲಾಗಿ ನಿಂತಿರುತ್ತವೆ, ಕಚೇರಿಯೇ ಗಾಬರಿಬೀಳುತ್ತದೆ. ಇಷ್ಟೆಲ್ಲವನ್ನೂ ಅಣ್ಣ ಒಂದೇ ಒಂದು ಕಂಪ್ಯೂಟರಿನಲ್ಲಿ ಒಂದೇ ಒಂದು ಸಲ ನೀಟಾಗಿ ಮಾಡಿ, ಆ ಡಿಸ್ಕನ್ನು ಇದ್ದಹಾಗೇ ಎತ್ತಿ ಮದರ್‌ನಲ್ಲಿ ಇಟ್ಟುಕೊಂಡಿದ್ದಾನೆ. ಆಮೇಲೆ ಯಾರ ಯಂತ್ರ ಕೆಟ್ಟರೂ ರಿಪೇರಿಯ ಮಾತಿಲ್ಲ. ಅದನ್ನೇ ಸುರಿದುಬಿಡುತ್ತಾನೆ.

ಇದನ್ನು ಕಾಲೇಜಿನ ಪ್ರಿನ್ಸಿಪಾಲರಿಗೆ ವಿವರಿಸಲು ಅರ್ಧ ದಿನ ಹಿಡಿಯಿತಂತೆ. ಶ್ರೀನಿವಾಸಪುರದ ಮಂಡಿ ಯಜಮಾನರಿಗೆ ಅರ್ಧ ವಾಕ್ಯ ಸಾಕಾಯಿತು. "ಕಸಿ ಅನ್ನೋ," ಅಂದರು. ಬಾದಾಮಿ ಮಾವಿನ ಓಟೆ ನೆಟ್ಟರೆ ಬಾದಾಮಿಯೇ ಬರುತ್ತದೆಂಬ ಭರವಸೆ ಆ ಸೀಮೆಯಲ್ಲಿ ಯಾರಿಗೂ ಇಲ್ಲ. ಒಳ್ಳೆ ಮರದ ಕುಡಿ ತಂದು ನಾಟಿ ಸಸಿಗೆ ಕಟ್ಟುತ್ತಾರೆ. ಹತ್ತು ಎಕರೆ ತೋಪಾದರೂ ಲೆಕ್ಕಕ್ಕೆ ಅದೊಂದೇ ಮರ. ಯಜಮಾನರು ಮುಂದುವರಿದು ಇನ್ನೊಂದು ಮಾತು ಕೇಳಿದರು: "ತಾಯಿ ಮರಕ್ಕೆ ರೋಗ ಇದ್ರೆ?" ಅಣ್ಣ ಕೇಬಲ್ ಹುಡುಕತೊಡಗಿದ.

ರೋಗ ಇತ್ತು. ಮೂಲ ಯಂತ್ರವಿದ್ದದ್ದು ಕೋಲಾರದ ಕ್ಲಾಕ್ ಟವರ್ ಕಡೆಯ ಒಂದು ಡಿಟಿಪಿ ಅಂಗಡಿಯಲ್ಲಿ. ಅಲ್ಲಿನ ಮುಖ್ಯ ಕಸುಬು ಲಗ್ನಪತ್ರಿಕೆ. ವರ್ಡ್‌ನಲ್ಲಿ ಹೊಸ ಪುಟ ತೆರೆದರೆ ತಾನಾಗಿ ಪತ್ರಿಕೆಯ ಅಳತೆಯಲ್ಲೇ, ಮೇಲೆ "ಶ್ರೀ ಕುರುಡುಮಲೆ ವಿನಾಯಕ ಪ್ರಸನ್ನ" ಎಂದು ಅಚ್ಚಾಗಿಯೇ ಬರುವಂತೆ ಅಂಗಡಿಯವರು ಮಾಡಿಕೊಂಡಿದ್ದರು. ಸಿಸ್ಟಮ್ ಅಣ್ಣನ ಕೃಪೆಯಿಂದ ಈ ಏರ್ಪಾಡು ನಾಲ್ಕು ತಾಲ್ಲೂಕಿಗೆ ಹಬ್ಬಿತು. ಮುಳಬಾಗಿಲಿನ ವಕೀಲರೊಬ್ಬರು ಕಳಿಸಿದ ವಿಚ್ಛೇದನದ ನೋಟಿಸು ಲಗ್ನಪತ್ರಿಕೆಯ ಅಳತೆಯಲ್ಲಿ, ವಿಘ್ನೇಶ್ವರನ ಅನುಗ್ರಹದೊಂದಿಗೆ ಹೊರಬಂತು. ಮಾಲೂರಿನ ಒಂದು ಶಾಲೆ ಪರೀಕ್ಷೆಯ ವೇಳಾಪಟ್ಟಿಯನ್ನು ಅದೇ ಅಳತೆಯಲ್ಲಿ ಅಂಟಿಸಿತು. ಪೋಷಕರು ಬೋರ್ಡಿನ ಹತ್ತಿರ ಬಂದು, ಮುಹೂರ್ತ ಹುಡುಕಿ, ಸಮಾಜ ವಿಜ್ಞಾನ ಎಂದಿದ್ದನ್ನು ನೋಡಿ ವಾಪಸಾದರು. ಟೈಲ್ಸ್ ಕಾರ್ಖಾನೆಯೊಂದರ ಇನ್‌ವಾಯ್ಸ್ ಕೂಡ ಹಾಗೆಯೇ ಹೋಯಿತಂತೆ. ಅದಕ್ಕೆ ದುಡ್ಡು ಬೇಗ ಬಂತು ಎಂಬುದು ಅಣ್ಣನ ಹೇಳಿಕೆ, ನಾನು ಪರಿಶೀಲಿಸಿಲ್ಲ.

ಅಲ್ಲಿಗೇ ಮುಗಿಯಲಿಲ್ಲ. ಪ್ರತಿಯೊಂದು ಕಂಪ್ಯೂಟರೂ ಮೂಲದ ಕ್ಯಾನನ್ 2900 ಪ್ರಿಂಟರನ್ನೇ ತನ್ನ ಪ್ರಿಂಟರೆಂದು ನಂಬಿ, ಪಕ್ಕದಲ್ಲಿ ಬೇರೆ ಪ್ರಿಂಟರ್ ಇದ್ದರೂ ಅದರತ್ತ ತಿರುಗಿ ನೋಡದೆ "ಆಫ್‌ಲೈನ್" ಎಂದು ಕೊರಗುತ್ತದೆ. ಕಸದ ಬುಟ್ಟಿಯಲ್ಲಿ ಯಾರದೋ ನಾಮಕರಣದ ಫೋಟೊಗಳು. ಆ ಮಗುವಿನ ಮುಖ ನಾಲ್ಕು ತಾಲ್ಲೂಕಿನ ಗುಮಾಸ್ತರಿಗೆ ಪರಿಚಿತ. ಮಗು ಈಗ ಕಾಲೇಜಿಗೆ ಹೋಗುತ್ತಿರಬೇಕು.

ಮಾಸ್ತಿ ಹುಟ್ಟಿದ್ದು ಮಾಲೂರು ತಾಲ್ಲೂಕಿನಲ್ಲಿ, ಡಿವಿಜಿ ಹುಟ್ಟಿದ್ದು ಮುಳಬಾಗಿಲಿನಲ್ಲಿ. ಸ್ವಂತದ್ದನ್ನೇ ಬರೆದವರ ಈ ನೆಲದಲ್ಲಿ ನಕಲು ಹೇಗೆ ಇಷ್ಟು ಬೇರುಬಿಟ್ಟಿತು ಎಂದು ಕೊರಗುವ ಹಿರಿಯರಿದ್ದಾರೆ. ಮಾಸ್ತಿಯವರಾಗಲಿ ಡಿವಿಜಿಯವರಾಗಲಿ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಸಿಸ್ಟಮ್ ಆನ್ ಆಗದ ಸಂಕಟ ಕಂಡವರಲ್ಲ.

ಈ ನಕಲಿನ ವಿದ್ಯೆಯಾದರೂ ಕೋಲಾರದ್ದಲ್ಲ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಮರ್ರೆ ಹ್ಯಾಸ್ಜಾರ್ಡ್ ಎಂಬಾತ 1995ರಲ್ಲಿ ಘೋಸ್ಟ್ ಎಂಬ ಪ್ರೋಗ್ರಾಂ ಬರೆದ. 1998ರಲ್ಲಿ ಸಿಮ್ಯಾಂಟೆಕ್ ಕಂಪನಿ ಅದನ್ನು ಕೊಂಡು ನಾರ್ಟನ್ ಹೆಸರು ಹಚ್ಚಿತು. 2013ರಲ್ಲಿ ಮಾರಾಟ ನಿಲ್ಲಿಸಿತು. ಈ ಸುದ್ದಿ ನಮ್ಮ ಅಣ್ಣನನ್ನು ಮುಟ್ಟಲಿಲ್ಲ, ಯಾಕೆಂದರೆ ಅವನು ಅದನ್ನು ಎಂದೂ ಕೊಂಡಿರಲಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಯಾರೋ ಗುರು ಕೊಟ್ಟ ಹಿರೆನ್ಸ್ ಬೂಟ್ ಸಿಡಿಯಲ್ಲಿ ಅದು ಬಂದಿತ್ತು. ಲೈಸೆನ್ಸ್ ಎಂದರೆ ಇಂದಿಗೂ ಅವನು ಪ್ಯಾಂಟಿನ ಜೇಬು ತಡವಿ ಡ್ರೈವಿಂಗ್ ಲೈಸೆನ್ಸ್ ತೆಗೆಯುತ್ತಾನೆ.

ಎಸ್‌ಪಿ ರೋಡು ಅವನಿಗೆ ಕಾಶಿ. ಮಾಲೂರಿನಲ್ಲಿ ಬೆಳಗಿನ ರೈಲು ಹತ್ತಿ ಹೋಗಿ, ಬೆಂಗಳೂರಿನ ಕಂಪನಿಗಳು ಹಳತಾಯಿತೆಂದು ಬಿಸಾಕಿದ ಯಂತ್ರಗಳನ್ನು ಆರಿಸಿ ತರುತ್ತಾನೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ರಿಟೈರಾದ ಕಂಪ್ಯೂಟರು ಮುಳಬಾಗಿಲಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರುತ್ತದೆ. ಅಲ್ಲಿ ಎಸಿ ಇತ್ತು, ಇಲ್ಲಿ ದೋಸೆ ಹೋಟೆಲಿನ ಹೊಗೆ ಇದೆ. ಒಂದೆರಡು ವಾರ ಮುನಿಸಿಕೊಂಡು ಆಮೇಲೆ ಹೊಂದಿಕೊಳ್ಳುತ್ತದೆ.

ಇಂಥ ಪರದೇಶಿ ಯಂತ್ರಕ್ಕೆ ಮದರ್ ಸುರಿದಾಗ ಒಮ್ಮೊಮ್ಮೆ ನೀಲಿ ಪರದೆ ಬರುತ್ತದೆ, ಕೊನೆಯಲ್ಲಿ 7ಬಿ ಎಂಬ ಸಂಖ್ಯೆ. ಡಿಸ್ಕಿನ ಜತೆ ಮಾತಾಡುವ ರೀತಿ ಹಳೆ ಬೋರ್ಡಿನದು ಬೇರೆ, ಹೊಸದರದು ಬೇರೆ. ಎಕ್ಸ್‌ಪಿಯ ಕಾಲದ ವಿಂಡೋಸ್‌ಗೆ ಹೊಸ ರೀತಿಯ ಡ್ರೈವರ್ರೇ ಇರಲಿಲ್ಲ. ಬಯಾಸ್‌ಗೆ ಹೋಗಿ ಎಎಚ್‌ಸಿಐ ಎಂದಿದ್ದನ್ನು ಐಡಿಇ ಮಾಡಿದರೆ ಎದ್ದು ಕೂರುತ್ತದೆ. ಇದು ಒಂದೇ ಸಾಲಿನ ಕೆಲಸ. ಅಣ್ಣ ಮಾತ್ರ ಎಲ್ಲರನ್ನೂ ಕೋಣೆಯಿಂದ ಹೊರಗೆ ಕಳಿಸಿ, ಬಾಗಿಲು ಹಾಕಿಕೊಂಡು ಮಾಡುತ್ತಾನೆ.

ಅವನ ವೈಭವ ನೋಡಬೇಕಿದ್ದರೆ 2023ರ ಜುಲೈನಲ್ಲಿ ನೋಡಬೇಕಿತ್ತು. ಗೃಹಲಕ್ಷ್ಮಿ ಅರ್ಜಿ ಶುರುವಾದ ತಿಂಗಳು. ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಟೊಮೊಟೊ ಬಾಕ್ಸು ಎರಡು ಸಾವಿರ ದಾಟಿದ್ದೂ ಆಗಲೇ. ಮನೆಯೊಡತಿಗೆ ತಿಂಗಳಿಗೆ ಎರಡು ಸಾವಿರ, ಬಾಕ್ಸಿಗೂ ಎರಡು ಸಾವಿರ. ಜಿಲ್ಲೆಗೆ ಜಿಲ್ಲೆಯೇ ಲೆಕ್ಕ ಹಾಕುತ್ತಿತ್ತು. ಅರ್ಜಿ ಹಾಕುವ ಕೇಂದ್ರಗಳ ಮುಂದೆ ರಸ್ತೆಯವರೆಗೆ ಸಾಲು, ಒಳಗೆ ಸಿಸ್ಟಮ್ ಸತ್ತಿದೆ. ಅಣ್ಣ ಬೈಕಿನಲ್ಲಿ ಬಂದಿಳಿದರೆ ಹೆಂಗಸರು ದಾರಿ ಬಿಡುತ್ತಿದ್ದರು. ಕ್ಯಾಬಿನೆಟ್ಟು ಬಿಚ್ಚಿ, ಮದರ್ ತಗುಲಿಸಿ, ಪರದೆಯ ಮೇಲೆ ನೀಲಿ ಪಟ್ಟಿ ನೂರಕ್ಕೆ ನೂರು ತುಂಬುವವರೆಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಿದ್ದ. ಯಂತ್ರ ಎದ್ದಿತು. ಬೆಂಗಳೂರಿನ ಸರ್ವರ್ ಬಿದ್ದಿತು. ಸಾಲಿನಲ್ಲಿದ್ದ ಒಬ್ಬ ಅಜ್ಜಿ ಕೇಳಿದಳು: "ಅದುನ್ನೂ ಒಂದು ಕಾಪಿ ತಂದು ಇಲ್ಲೇ ಇಕ್ಕಬಾರದೇನಪ್ಪಾ?" ನನ್ನ ಮಟ್ಟಿಗೆ ಸರ್ಕಾರಿ ಕಂಪ್ಯೂಟರೀಕರಣದ ಬಗ್ಗೆ ಬಂದ ಅತ್ಯುತ್ತಮ ಸಲಹೆ ಅದು.

ಟೊಮೊಟೊಗೆ ರೇಟಿದ್ದಾಗ ಅವನಿಗೆ ನಗದು ಸಿಗುತ್ತದೆ. ರೇಟು ಬಿದ್ದಾಗ ಟೊಮೊಟೊವೇ ಸಿಗುತ್ತದೆ.

ಕಾಲೇಜಿನ ಲ್ಯಾಬು ಎಂದರೆ ಇನ್ನೊಂದು ರಗಳೆ. ಸಾಲಾಗಿ ಇಟ್ಟ ಎಲ್ಲ ಯಂತ್ರಗಳಿಗೂ ಒಂದೇ ಸಲ ಸುರಿದು ಅಣ್ಣ ಕಾಫಿಗೆ ಹೋದ. ಎಲ್ಲಕ್ಕೂ ಒಂದೇ ಹೆಸರು, ಎಲ್ಲಕ್ಕೂ ಒಂದೇ ಐಪಿ ವಿಳಾಸ. ಆನ್ ಮಾಡಿದ್ದೇ ತಡ, ಈ ವಿಳಾಸ ನನ್ನದು ತನ್ನದು ಎಂದು ನೆಟ್‌ವರ್ಕಿನಲ್ಲಿ ಪಹಣಿ ವ್ಯಾಜ್ಯ ಶುರುವಾಯಿತು. ಒಂದು ಎದ್ದರೆ ಇನ್ನೊಂದು ಬೀಳುತ್ತದೆ. ಅಣ್ಣ ಪರಿಹಾರ ಕೊಟ್ಟ: "ಒಂದೊಂದಾಗಿ ಆನ್ ಮಾಡ್ಕೊಳಿ ಮೇಡಂ."

ಘೋಸ್ಟಿಗೆ ವಯಸ್ಸಾದ ಮೇಲೆ ಅವನೀಗ ಕ್ಲೋನ್‌ಜಿಲ್ಲಾ ಹಿಡಿದಿದ್ದಾನೆ. ತೈವಾನಿನ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಕೇಂದ್ರದ ಸ್ಟೀವನ್ ಶಿಯಾವ್ ಮತ್ತು ಜತೆಗಾರರು ಮಾಡಿ ಜಗತ್ತಿಗೆ ಬಿಟ್ಟಿ ಕೊಟ್ಟಿರುವ ತಂತ್ರಾಂಶ. ಪೆನ್‌ಡ್ರೈವಿನಿಂದಲೇ ಏಳುತ್ತದೆ, ಒಳಗೆಲ್ಲ ಲಿನಕ್ಸು. ಅಣ್ಣ ದಿನಬೆಳಗಾದರೆ ಅದರಲ್ಲೇ ಮುಳುಗಿರುತ್ತಾನೆ, "ಲಿನಕ್ಸ್ ಹಾಕ್ತೀಯೇನಪ್ಪಾ" ಎಂದು ಕೇಳಿದರೆ ಮಾತ್ರ ಕೆನ್ನೆ ಬಡಿದುಕೊಂಡು "ಅಯ್ಯೋ, ಅದೆಲ್ಲ ನಮ್ಗೆ ಬರಲ್ಲ ಸಾ" ಅನ್ನುತ್ತಾನೆ.

ಕ್ಲೋನ್‌ಜಿಲ್ಲಾದ ಒಂದು ಗುಣ ನನಗೆ ಹಿಡಿಸಿದೆ. ಈ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಕೇಳುತ್ತದೆ. ಹೂಂ ಅಂದರೆ, ಇನ್ನೊಂದು ಸಲ ಕೇಳುತ್ತೇನೆ ಎಂದು ಮತ್ತೆ ಅದನ್ನೇ ಕೇಳುತ್ತದೆ. ಹೀಗೆ ಎರಡು ಸಲ ಕೇಳುವ ಪದ್ಧತಿ ಯಾಕೆ ಬೇಕು ಎಂದು ತಿಳಿಯಬೇಕಾದರೆ ಮಾವಿನ ಸುಗ್ಗಿಯ ಒಂದು ಪ್ರಸಂಗ ಕೇಳಬೇಕು. ಎರಡು ಡಿಸ್ಕು, ಒಂದೇ ಕಂಪನಿಯವು, ಒಂದೇ ಅಳತೆಯವು. ಒಂದರಲ್ಲಿ ಮಂಡಿಯ ಇಡೀ ವರ್ಷದ ಟ್ಯಾಲಿ ಲೆಕ್ಕ, ಇನ್ನೊಂದು ಖಾಲಿ. ಯಾವುದರಿಂದ ಯಾವುದಕ್ಕೆ ಎಂದು ಹೇಳುವಲ್ಲಿ ಹಿಂದುಮುಂದಾಯಿತು. ಖಾಲಿ ಡಿಸ್ಕು ಬಲು ಶ್ರದ್ಧೆಯಿಂದ ತುಂಬಿದ ಡಿಸ್ಕಿನ ಮೇಲೆ ಇಳಿಯಿತು. ಸಾಲ ಕೊಟ್ಟಿದ್ದ ಮಂಡಿಯವರು ತಲೆಮೇಲೆ ಕೈಹೊತ್ತರು, ಮುಂಗಡ ತೆಗೆದುಕೊಂಡಿದ್ದ ರೈತರು ಕುರುಡುಮಲೆಗೆ ಹೋಗಿ ಈಡುಗಾಯಿ ಒಡೆದರು. ಇದನ್ನು ಮಾಡಿದ್ದು ಯಾರು? ಮಾಲೂರಿನವನು ಮುಳಬಾಗಿಲಿನವನು ಅನ್ನುತ್ತಾನೆ, ಮುಳಬಾಗಿಲಿನವನು ಶ್ರೀನಿವಾಸಪುರದವನು ಅನ್ನುತ್ತಾನೆ, ಶ್ರೀನಿವಾಸಪುರದವನು ಬಂಗಾರಪೇಟೆಯ ಕಡೆ ಕೈ ತೋರಿಸುತ್ತಾನೆ.

ಓದಿಕೊಂಡವರು ಅವನ ಮೇಲೆ ಹೊರಿಸುತ್ತಿದ್ದ ಆರೋಪ ಬೇರೆಯೇ ಇತ್ತು. ವಿಂಡೋಸ್ ಹಾಕಿದಾಗ ಪ್ರತಿ ಯಂತ್ರಕ್ಕೂ ಒಂದು ಗುಪ್ತ ಗುರುತಿನ ಸಂಖ್ಯೆ ಹುಟ್ಟುತ್ತದೆ. ಕಾಪಿ ಹೊಡೆದರೆ ಅದೂ ಕಾಪಿಯಾಗುತ್ತದೆ. ಹಾಗಾಗಿ ಮೊದಲು ಸಿಸ್‌ಪ್ರೆಪ್ ಎಂಬ ಸಂಸ್ಕಾರ ಮಾಡಿ ಗುರುತು ಅಳಿಸಬೇಕೆಂಬುದು ಮೈಕ್ರೋಸಾಫ್ಟಿನ ಶಾಸ್ತ್ರ. ಅಣ್ಣ ಮಾಡಿದವನಲ್ಲ. ಅವನ ಪುಣ್ಯಕ್ಕೆ 2009ರಲ್ಲಿ ಮೈಕ್ರೋಸಾಫ್ಟಿನ ಮಾರ್ಕ್ ರುಸಿನೊವಿಚ್ ಅವರೇ, ಆ ಸಂಖ್ಯೆ ಎರಡು ಯಂತ್ರಕ್ಕೆ ಒಂದೇ ಆದರೂ ತೊಂದರೆಯೇನಿಲ್ಲ ಎಂದು ಬರೆದು, ಸಂಖ್ಯೆ ಬದಲಿಸಲೆಂದು ತಾವೇ ಮಾಡಿದ್ದ ಉಪಕರಣವನ್ನೂ ಹಿಂತೆಗೆದುಕೊಂಡರು. ಅಣ್ಣ ಎದೆಯುಬ್ಬಿಸಿ ಓಡಾಡಿದ. "ನೋಡ್ರಿ ಸಾ, ನಾನು ಮಾಡ್ತಿರ್ಲಿಲ್ಲ. ಈಗ ಅವ್ರೂ ಬ್ಯಾಡ ಅಂದವ್ರೆ."

ಹದಿನಾರು ವರ್ಷ ಹಾಗೇ ನಡೆಯಿತು. 2025ರ ಆಗಸ್ಟ್ ಕೊನೆಯ ಅಪ್‌ಡೇಟಿನಿಂದ ವಿಂಡೋಸ್ 11 ತನ್ನ ಮಾತು ಬದಲಿಸಿತು. ಒಂದೇ ಗುರುತಿನ ಎರಡು ಯಂತ್ರ ಪರಸ್ಪರ ಲಾಗಿನ್ ಆಗಲು ಹೋದರೆ ಈಗ ಬಾಗಿಲು ತೆರೆಯುವುದಿಲ್ಲ. ಮಾಲೂರಿನ ಕಚೇರಿಯೊಂದರಲ್ಲಿ ಅಕೌಂಟೆಂಟಿನ ಕಂಪ್ಯೂಟರು ಕ್ಯಾಷಿಯರಿನ ಕಂಪ್ಯೂಟರಿನ ಫೋಲ್ಡರ್ ತೆರೆಯಲಾರದೆ ನಿಂತಿತು. ಪಾಸ್‌ವರ್ಡು ಸರಿಯಿದೆ, ಕೇಬಲ್ ಸರಿಯಿದೆ. ಮೈಕ್ರೋಸಾಫ್ಟ್ ಹೇಳುವ ಶಾಶ್ವತ ಪರಿಹಾರವೆಂದರೆ ಇಂಥ ಯಂತ್ರಗಳನ್ನು ಕ್ರಮಬದ್ಧವಾಗಿ, ಸಿಸ್‌ಪ್ರೆಪ್ ಸಮೇತ, ಮತ್ತೆ ಕಟ್ಟುವುದು. ಅಂದರೆ ಅಣ್ಣನ ಇಡೀ ತೋಪನ್ನು ಕಿತ್ತು ಹೊಸದಾಗಿ ನೆಡುವುದು.

ಹೋದ ವಾರ ಕೋಲಾರದ ಬಸ್‌ಸ್ಟ್ಯಾಂಡಿನ ಹತ್ತಿರ ಸಿಕ್ಕಿದ್ದ. ಏನು ಮಾಡಿದೆಯಪ್ಪಾ ಅಂದೆ. ಟೀ ಲೋಟ ಕೆಳಗಿಟ್ಟು, ಬ್ಯಾಗಿನ ಒಳಜೇಬು ತಟ್ಟಿ ಹೇಳಿದ: "ಅಪ್‌ಡೇಟನ್ನೇ ಆಫ್ ಮಾಡ್ಬಿಟ್ಟೆ ಸಾ, ಮದರ್‌ನಲ್ಲೇ. ಇನ್ನು ಮುಂದೆ ಹುಟ್ಟೋವುಕ್ಕೆಲ್ಲ ಆ ಕಾಟ ಇಲ್ಲ."