ದಾಕ್ಷಿಣ್ಯವೆಂಬ ಕಳ್ಳಗಿಂಡಿ

ಲೆಕ್ಕದ ಪುಸ್ತಕಗಳು ಕಬ್ಬಿಣದ ಬೀರುವಿನಲ್ಲಿದ್ದ ಕಾಲಕ್ಕೆ ನಮ್ಮ ಆಫೀಸಿನ ಭದ್ರತೆಯೆಲ್ಲ ಅಕೌಂಟೆಂಟ್ ರಾಯರ ಸೊಂಟದಲ್ಲಿತ್ತು. ಬೀಗದ ಕೈ ಸಮೇತ ಅವರು ರಜೆ ಹೋದರೆ ಕಳ್ಳನಿಗೂ ರಜೆ, ನಮಗೂ ರಜೆ. ಈಗ ಲೆಕ್ಕ, ಸಂಬಳ, ಗಿರಾಕಿಗಳ ಪಟ್ಟಿ ಎಲ್ಲವೂ ಕ್ಲೌಡ್ ಏರಿ ಕೂತಿವೆ. ಜಗತ್ತಿನ ಯಾವ ಮೂಲೆಯಿಂದಲೂ ತೆರೆಯಬಹುದಂತೆ. ಕಳ್ಳನಿಗೂ ಅಷ್ಟೇ ಅನುಕೂಲ.

ಆದ್ದರಿಂದ ಪಾಸ್‌ವರ್ಡ್‌ಗೆ ಕಟ್ಟಳೆಗಳು ಬಂದವು. ದೊಡ್ಡಕ್ಷರ ಬೇಕು, ಅಂಕಿ ಬೇಕು, ಚಿಹ್ನೆ ಬೇಕು, ಮೂರು ತಿಂಗಳಿಗೊಮ್ಮೆ ಬದಲಾಗಬೇಕು. ರಾಯರು ಮಗಳ ಹೆಸರಿನ ಕೊನೆಗೆ 1 ಸೇರಿಸಿದರು. ಅವಧಿ ಮುಗಿದಾಗ ಅದನ್ನು 2 ಮಾಡಿದರು. ಮರೆಯದಿರಲೆಂದು ಮಾನಿಟರಿಗೆ ಚೀಟಿ ಅಂಟಿಸಿದರು. ಕಾಫಿ ತರುವ ಹುಡುಗನಿಗೂ ಅದು ಬಾಯಿಪಾಠ. ಇಂಥ ನಿಯಮಗಳನ್ನು 2003ರಲ್ಲಿ ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಗಾಗಿ ಬರೆದ ಬಿಲ್ ಬರ್ ಅವರೇ 2017ರಲ್ಲಿ ಪಶ್ಚಾತ್ತಾಪಪಟ್ಟರು. ಸುಮ್ಮಸುಮ್ಮನೆ ಬದಲಾಯಿಸುವುದು ಬೇಡವೆಂದು ಆ ಸಂಸ್ಥೆಯೂ ಅದೇ ವರ್ಷ ಹೇಳಿತು. ಸುದ್ದಿ ನಮ್ಮ ಆಫೀಸಿಗೆ ಇನ್ನೂ ಮುಟ್ಟಿಲ್ಲ.

ಪಾಸ್‌ವರ್ಡ್ ಕದ್ದವನೂ ಹೊರಗೇ ಉಳಿಯಲೆಂದು, ಅದರ ಮೇಲೆ ಇನ್ನೊಂದು ಗುರುತು ಕೇಳುವ ಎರಡನೇ ಬಾಗಿಲು ಇಟ್ಟರು. ಸೇಲ್ಸ್‌ಫೋರ್ಸ್ ಕಂಪನಿ 2022ರ ಫೆಬ್ರವರಿ 1ರಿಂದ ತನ್ನ ಗಿರಾಕಿಗಳಿಗೆ ಇದನ್ನು ಕಡ್ಡಾಯವೇ ಮಾಡಿತು. ನಮ್ಮಲ್ಲಿ ಬಂದದ್ದು ಫೋನಿನ ಆ್ಯಪ್‌ನಲ್ಲಿ 30 ಸೆಕೆಂಡಿಗೊಮ್ಮೆ ಬದಲಾಗುವ 6 ಅಂಕಿ. ರಾಯರು ಫೋನ್ ಹುಡುಕಿ, ಕನ್ನಡಕ ಹುಡುಕಿ, ಓದುವಷ್ಟರಲ್ಲಿ ಅಂಕಿ ಬೇರೆ. "ನನ್ನ ಸಂಬಳ ಒಮ್ಮೆಯಾದರೂ ಈ ವೇಗದಲ್ಲಿ ಬದಲಾಗಿದ್ದರೆ!" ಎಂದು ನಿಟ್ಟುಸಿರಿಟ್ಟರು.

ಅವರಂಥವರ ಮೇಲೆ ಕರುಣೆಯಿಂದ ಇನ್ನೊಂದು ಸೌಕರ್ಯ ಬಂತು: ಫೋನ್ "ಒಳಗೆ ಬರುತ್ತಿರುವುದು ನೀವೇನಾ?" ಎಂದು ಕೇಳುತ್ತದೆ, "ಹೌದು" ಒತ್ತಿದರಾಯಿತು. ಕಳ್ಳರಿಗೆ ಇದು ಹಬ್ಬ. 2022ರ ಸೆಪ್ಟೆಂಬರಿನಲ್ಲಿ ಊಬರ್ ಕಂಪನಿಗೆ ನುಗ್ಗಿದವನ ಬಳಿ ಒಬ್ಬ ಗುತ್ತಿಗೆ ನೌಕರನ ಪಾಸ್‌ವರ್ಡ್ ಇತ್ತು. ಗಣೇಶನ ಚಂದಾ ಕೇಳುವ ಹುಡುಗರ ಹಾಗೆ ಅವನು ಪದೇಪದೇ ಬಾಗಿಲು ಬಡಿದ. ಕೊನೆಗೊಮ್ಮೆ ಆ ನೌಕರ "ಹೌದು" ಒತ್ತಿದ. ಬೀಗ ಗಟ್ಟಿಯಾಗಿಯೇ ಇತ್ತು, ತೆರೆದುಕೊಟ್ಟದ್ದು ಮನುಷ್ಯ. ಅದಕ್ಕೇ ಮೈಕ್ರೋಸಾಫ್ಟ್ 2023ರಿಂದ, ಲಾಗಿನ್ ಪರದೆಯ ಮೇಲೆ ಕಾಣುವ ಅಂಕಿಯನ್ನು ಫೋನಿನಲ್ಲಿ ಬರೆದರೆ ಮಾತ್ರ ಒಪ್ಪುತ್ತದೆ. ಪರದೆ ಕಳ್ಳನ ಮುಂದಿದ್ದರೆ ನೀವು ಬರೆಯುವುದಾದರೂ ಏನನ್ನು?

ಇಲ್ಲವೆನ್ನಲು ನಮಗೆ ದಾಕ್ಷಿಣ್ಯ. ಮದುವೆಮನೆಯ ಪಂಕ್ತಿಯಲ್ಲಿ ಅದು ಶೋಭಿಸಬಹುದು, ಲಾಗಿನ್ನಿನಲ್ಲಿ ಅಲ್ಲ. ನೀವು ತೆರೆಯದ ಬಾಗಿಲಿನ ಬಗ್ಗೆ ಫೋನ್ ಕೇಳಿದರೆ "ಅಲ್ಲ" ಒತ್ತಿ, ಪಾಸ್‌ವರ್ಡ್ ಬದಲಾಯಿಸಿ, ಆಫೀಸಿನ ಐಟಿಯವರಿಗೆ ತಿಳಿಸಿ. ಆ ಕಡೆಯವನು ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.