ದಂತಸಂಧಿ ಪ್ರಕರಣಂ

ವ್ಯಾಕರಣದಲ್ಲಿ ಸಂಧಿ ಎಂದರೆ ಎರಡು ಕೂಡುವುದು. ಬಾಯಲ್ಲಿ ಸಂದಿ ಎಂದರೆ ಎರಡು ಕೂಡದೆ ಉಳಿಯುವುದು. ಒಂದು ಮಹಾಪ್ರಾಣ ಹೋದ ಮಾತ್ರಕ್ಕೆ ಅರ್ಥ ಹೀಗೆ ತಲೆಕೆಳಗಾದದ್ದನ್ನು ಸುಮಾರು 1260ರಲ್ಲಿ ಶಬ್ದಮಣಿದರ್ಪಣ ಬರೆದ ಕೇಶಿರಾಜ ಚರ್ಚಿಸಲಿಲ್ಲ. ಅವನ ಹಲ್ಲು ಒತ್ತಾಗಿದ್ದಿರಬೇಕು. ಆ ಕೊರತೆಯನ್ನು ತುಂಬಲು, ಜಯಲಕ್ಷ್ಮಿಪುರಂ ನಿವಾಸಿಯೂ ಮೇಲಿನ ಎರಡು ಬಾಚಿಹಲ್ಲುಗಳ ನಡುವೆ ಎರಡು ಮಿಲಿಮೀಟರ್ ಬಯಲುಳ್ಳವನೂ ಆದ ಈ ಲೇಖಕನು ಕೈಹಾಕಿದ್ದಾನೆ. (ಅಳತೆ ಬೆಂಕಿಕಡ್ಡಿಯದು. ಕಡ್ಡಿ ಸಲೀಸಾಗಿ ಹೋಯಿತು, ಮದ್ದು ಮಾತ್ರ ಸಿಕ್ಕಿಕೊಂಡಿತು. ಗೀರಲಿಲ್ಲ.)

ಕ್ಷೇತ್ರಮಹಿಮೆ. ನಮ್ಮ ಬಡಾವಣೆಯ ಕಾಳಿದಾಸ ರಸ್ತೆಗೆ ಹೆಸರು ಕೊಟ್ಟ ಕವಿ ಮೇಘದೂತದ ಯಕ್ಷಿಗೆ ಮೊನಚು ಹಲ್ಲುಗಳನ್ನು ದಯಪಾಲಿಸಿದ. ಸಂದಿನ ಸುದ್ದಿ ಎತ್ತಲಿಲ್ಲ. ಇಂಗ್ಲಿಷರ ಚಾಸರ್ 14ನೆಯ ಶತಮಾನದಲ್ಲೇ ತನ್ನ ಬಾತ್ ಊರಿನ ಹೆಂಗಸಿಗೆ ಸಂದುಹಲ್ಲು ಇಟ್ಟ. ಫ್ರೆಂಚರು ಇವನ್ನು ಸೌಭಾಗ್ಯದ ಹಲ್ಲು ಅನ್ನುತ್ತಾರೆ. ನಮ್ಮಜ್ಜಿಯೂ ಹಾಗೇ ಅನ್ನುತ್ತಿದ್ದಳು, ಫ್ರೆಂಚ್ ಬಾರದೆ.

ಪೂರ್ವಪಕ್ಷ ನನ್ನ ಹೆಂಡತಿಯದು. ಉಪ್ಪಿಟ್ಟು ತಿಂದು ಎದ್ದ ಮೇಲೆ ಆ ಸಂದಿಯಲ್ಲಿ ಒಂದೇ ಒಂದು ಸಾಸಿವೆ ಕರ್ರಗೆ ಕೂತಿರುತ್ತದೆ. ನಾನು ನಕ್ಕರೆ ಎದುರಿನವರು ಅದನ್ನೇ ನೋಡುತ್ತಾರೆ. 'ಸರಸ್ವತಿ' ಅಂದರೆ ಎರಡು ಶಿಳ್ಳೆ ಬೀಳುತ್ತವೆ. ತರ್ಕ ಬಲವಾಗಿತ್ತು. ದಂತವೈದ್ಯರಲ್ಲಿಗೆ ಹೋದೆ.

ಈ ಸಂದಿ ಹೊಸದೋ ಹಳೆಯದೋ ಎಂಬುದು ಅವರ ಮೊದಲ ಪ್ರಶ್ನೆ. ದೊಡ್ಡವರಲ್ಲಿ ಹೊಸದಾಗಿ ಬಿಟ್ಟುಕೊಂಡರೆ ಒಸಡಿನ ರೋಗ ಹಲ್ಲನ್ನು ಸಡಿಲಿಸಿರಬಹುದು, ಮೊದಲು ಅದನ್ನೇ ನೋಡಬೇಕು. ನನ್ನದು ಬಾಲ್ಯದ್ದು. ಏಳೆಂಟು ವರ್ಷದ ಮಕ್ಕಳ ಸಂದಿ ಕೋರೆಹಲ್ಲು ಇಳಿಯುವ ಹೊತ್ತಿಗೆ ಎಷ್ಟೋ ಸಲ ತಾನೇ ಮುಚ್ಚಿಕೊಳ್ಳುತ್ತದಂತೆ. ಶಾಸ್ತ್ರದಲ್ಲಿ ಅದಕ್ಕೆ 'ಕುರೂಪಿ ಬಾತುಮರಿ'ಯ ಹಂತವೆಂದು ಹೆಸರು. ನನ್ನ ಕೋರೆ ಇಳಿದು ನಲವತ್ತು ವರ್ಷವಾಯಿತು. ಮರಿ ಬಾತುಕೋಳಿಯೇ ಆಗಿದೆ.

ಇನ್ನು ಚಿಕಿತ್ಸೆ, ಸೂತ್ರಾನುಸಾರ. ಲೋಪಸಂಧಿ: ತುಟಿಯನ್ನು ಒಸಡಿಗೆ ಬಿಗಿದ ಪಟ್ಟಿ ಹಲ್ಲುಗಳ ನಡುವೆ ನುಗ್ಗಿದ್ದರೆ ಅದನ್ನು ಕತ್ತರಿಸುವುದು. ಮೇಲ್ದುಟಿ ಎತ್ತಿ ಎಳೆದಾಗ ಹಲ್ಲಿನ ಹಿಂದಣ ಒಸಡು ಬಿಳಿಚಿಕೊಂಡರೆ ಪಟ್ಟಿಯೇ ಅಪರಾಧಿ. ಎಕ್ಸ್‌ರೇಯಲ್ಲಿ ನಡುವೆ ಅಡಗಿದ ಹೆಚ್ಚುವರಿ ಹಲ್ಲು ಕಂಡರೆ ಅದಕ್ಕೂ ಲೋಪವೇ ಗತಿ. ಆದೇಶಸಂಧಿ: ಕತಪಗಳ ಜಾಗಕ್ಕೆ ಗದಬಗಳು ಬಂದಂತೆ, ಎನಾಮಲ್ ತುಸು ಸವೆಸಿ ಅಲ್ಲಿ ಪಿಂಗಾಣಿಯ ವೆನೀರ್ ಕೂರಿಸುವುದು. ಆಗಮಸಂಧಿಯಲ್ಲಿ ಯಕಾರ, ವಕಾರಗಳ ಜೊತೆ ಮೂರನೆಯದಾಗಿ ಕಾಂಪೋಸಿಟನ್ನು ಸೇರಿಸಬೇಕು. ಹಲ್ಲಿನ ಅಂಚಿಗೆ ಫಾಸ್ಫಾರಿಕ್ ಆಮ್ಲದ ನೀಲಿ ಲೇಪ ಹಚ್ಚಿ ತೊಳೆದರೆ ಹೊಳಪು ಹೋಗಿ ಸುಣ್ಣ ಬಳಿದಂತಾಗುತ್ತದೆ. ಮೇಲೆ ಅಂಟು, ಅದರ ಮೇಲೆ ಹಲ್ಲಿನದೇ ಬಣ್ಣದ ಮೆತ್ತನೆಯ ರಾಳ. ನೀಲಿ ಬೆಳಕು ಬಿಟ್ಟರೆ ಕೆಲವೇ ಸೆಕೆಂಡಿನಲ್ಲಿ ಕಲ್ಲು. ಒಂದೇ ಭೇಟಿಯಲ್ಲಿ ಮುಗಿಯಬಹುದು. ಆದರೆ ಕಾಪಿಯ ಕರೆ ಹಿಡಿಯುತ್ತದೆ, ಚಕ್ಕೆ ಏಳಬಹುದು. ಫಿಲ್ಟರ್ ಕಾಪಿ ಕುಡಿಯುವ ಮೈಸೂರಿಗನಿಗೆ ಇದು ಸಣ್ಣ ಮಾತಲ್ಲ.

ಉಳಿದದ್ದು ಸವರ್ಣದೀರ್ಘ. ಸವರ್ಣ ಹಲ್ಲುಗಳು, ದೀರ್ಘ ಅವಧಿ. ತಂತಿ ಬಿಗಿದು ತಿಂಗಳುಗಟ್ಟಲೆ ಸರಿಸಬೇಕು. ಸರಿದ ಮೇಲೆ ಹಿಂದುಗಡೆ ಸಣ್ಣ ತಂತಿ ಅಂಟಿಸದಿದ್ದರೆ ಎರಡೂ ಮುನಿಸಿಕೊಂಡು ಹಳೇ ಜಾಗಕ್ಕೆ ಹೊರಟುಬಿಡುತ್ತವೆ.

ಇಷ್ಟೆಲ್ಲ ಕೇಳಿಸಿಕೊಂಡು ಕುರ್ಚಿಯಲ್ಲಿ ಒರಗಿದೆ. ವೈದ್ಯರು 'ಆ ಅನ್ನಿ' ಎಂದರು. ಥಟ್ಟನೆ ಹೊಳೆಯಿತು: ಆ, ಅನ್ನಿ. ಸ್ವರದ ಮುಂದೆ ಸ್ವರ ಬಂದರೂ ಲೋಪವಿಲ್ಲ, ಆಗಮವಿಲ್ಲ, ದೀರ್ಘವೂ ಇಲ್ಲ. ನಡುವೆ ಬೆಂಕಿಕಡ್ಡಿ ಹೋಗುವಷ್ಟು ಬಯಲು. ವ್ಯಾಕರಣ ಇದನ್ನು ದೋಷವೆನ್ನುವುದಿಲ್ಲ, ಪ್ರಕೃತಿಭಾವ ಎನ್ನುತ್ತದೆ. ನನ್ನ ಸಂದಿಯೂ ಅದೇ ಸೂತ್ರಕ್ಕೆ ಸೇರಿದ್ದೆಂದು ಅಲ್ಲೇ ಸಾಧಿಸಿ ತೋರಿಸುವವನಿದ್ದೆ. ಬಾಯಲ್ಲಿ ಕನ್ನಡಿಯೂ ಹೀರುಕೊಳವೆಯೂ ಇದ್ದವು.